ಕೈಗೆ ಮುಲಾಮು, ಪಾಲಿಕೆಗೆ ಮನವಿ: ಓಣಿಯವರು ಒಟ್ಟಿಗೆ ಕೂತು ಮಾಡುವ ಕೆಲಸ

ದಾವಣಗೆರೆಯಲ್ಲಿ ಕಾರ್ತೀಕ ಕಳೆದು ಒಣಗಾಳಿ ಬೀಸತೊಡಗಿದರೆ ತುಟಿ, ಹಿಮ್ಮಡಿ, ಬೆರಳ ಗೆಣ್ಣು ಎಲ್ಲಾ ಒಡೆಯುತ್ತವೆ. ಮನೆಯಲ್ಲೇ ಇರುವವರಿಗೆ ಒಂದಿಷ್ಟು ಉರಿ, ಅಷ್ಟೆ. ರಾತ್ರಿ ಎಣ್ಣೆ ಹಚ್ಚಿ ಮಲಗಿದರೆ ಎರಡು ದಿನದಲ್ಲಿ ಕೂಡಿಕೊಳ್ಳುತ್ತದೆ. ಬೆಳಗಿನ ಜಾವವೇ ಬಂದು ನಮ್ಮ ಓಣಿಯ ಕಸ ಎತ್ತಿ, ಚರಂಡಿ ಬಳಿದು ಹೋಗುವ ಪೌರಕಾರ್ಮಿಕರಿಗೆ ಹಾಗಲ್ಲ. ನಾವು ಚೆಲ್ಲಿದ ಹಳಸಿದ ಸಾರು, ಫಿನಾಯಿಲು, ಸೋಪಿನ ನೀರು ಅವರ ಬಿರುಕಿನೊಳಗೆ ಇಳಿಯುತ್ತದೆ. ರಾತ್ರಿ ಕೂಡಿದ ಚರ್ಮ ಬೆಳಗಾದರೆ ಮತ್ತೆ ಬಿರಿಯುತ್ತದೆ.

ಒಡೆದ ಕೈಕಾಲಿಗೆ ಮುಲಾಮು ಮಾಡುವುದು ಹೇಗೆ, ಹೂವಿನ ಪರಿಮಳವನ್ನು ಎಣ್ಣೆಗೆ ಇಳಿಸುವುದು ಹೇಗೆ ಎಂದು ಇಲ್ಲಿ ವಿವರವಾಗಿ ಹೇಳುತ್ತೇನೆ. ಅದರ ಜೊತೆಗೇ ಆ ಕೈಗಳಿಗೆ ಕೈಗವಸು ಸಿಗುವ ಹಾಗೆ ಪಾಲಿಕೆಯನ್ನು ಕೇಳುವುದು ಹೇಗೆ ಎಂದೂ ಹೇಳುತ್ತೇನೆ. ಎರಡನ್ನೂ ಒಂದೇ ದಿನ, ಒಂದೇ ಜಗಲಿಯಲ್ಲಿ ಕೂತು ಮಾಡಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕೈಗವಸಿಲ್ಲದೆ ದುಡಿಯುವ ಕೈಗೆ ಬರೀ ಮುಲಾಮು ಹಚ್ಚುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಯಾರ ಜೊತೆ ಕೂರಬೇಕು

ಮಾಡಿ ಹಂಚುವುದು ಬೇಡ. ಯಾರಿಗೆ ಬೇಕೋ ಅವರನ್ನೇ ಕರೆದು, ಅವರ ಜೊತೆ ಕೂತು ಮಾಡಿ. ಇದಕ್ಕೆ ಎರಡು ಕಾರಣ. ಮೊದಲನೆಯದು ಕಾನೂನು. 1940ರ ಔಷಧ ಮತ್ತು ಕಾಂತಿವರ್ಧಕಗಳ ಕಾಯ್ದೆ, ಅದರಡಿ ಬಂದ 2020ರ ಕಾಂತಿವರ್ಧಕ ನಿಯಮಗಳ ಪ್ರಕಾರ ಮೈಗೆ ಹಚ್ಚುವ ಕ್ರೀಂ, ಎಣ್ಣೆಯನ್ನು ಮಾರುವುದಕ್ಕಾಗಲಿ ವಿತರಿಸುವುದಕ್ಕಾಗಲಿ ತಯಾರಿಸಬೇಕಾದರೆ ರಾಜ್ಯದ ಔಷಧ ನಿಯಂತ್ರಣ ಇಲಾಖೆಯ ಪರವಾನಗಿ ಬೇಕು. ಸಂಘದ ಹೆಸರು ಅಂಟಿಸಿ ಡಬ್ಬಿಗೆ ಇಷ್ಟು ಎಂದು ಮಾರಲು ಹೊರಡಬೇಡಿ. ತಮ್ಮ ಬಳಕೆಗೆ ತಾವೇ ಮಾಡಿಕೊಳ್ಳುವುದು ಬೇರೆ ಮಾತು. ಒಬ್ಬರು ಎಣ್ಣೆ ತಂದರು, ಇನ್ನೊಬ್ಬರು ಮೇಣ ತಂದರು, ಎಲ್ಲರೂ ಕೈ ಹಾಕಿ ಕಾಯಿಸಿದರು, ಅವರವರ ಡಬ್ಬಿ ಅವರವರು ಮನೆಗೆ ಒಯ್ದರು ಎನ್ನುವ ಹಾಗೆ ಇರಲಿ.

ಎರಡನೆಯ ಕಾರಣ ನನಗೆ ಇನ್ನೂ ಮುಖ್ಯ. ಡಬ್ಬಿ ಕೈಗಿಟ್ಟು ಫೋಟೋ ತೆಗೆಸಿಕೊಂಡರೆ ಅವರು 'ದೊಡ್ಡೋರು ಕೊಟ್ರು' ಎಂದು ನಮಸ್ಕಾರ ಹೇಳಿ ಹೋಗುತ್ತಾರೆ, ಒಂದು ಮಾತೂ ಹೊರಬರುವುದಿಲ್ಲ. ಮೇಣ ಹೆರೆಯುತ್ತಾ ಕೂತರೆ ಮಾತು ತಾನಾಗಿ ಬರುತ್ತದೆ. ಗಂಬೂಟು ಯಾವಾಗ ಕೊಟ್ಟರು, ಅದು ಕಾಲಿಗೆ ಎಷ್ಟು ದೊಡ್ಡದು, ಯಾವ ತಿರುವಿನಲ್ಲಿ ಗಾಜು ಚುಚ್ಚುತ್ತದೆ ಎಲ್ಲವೂ. ಮನವಿ ಬರೆಯಲು ಬೇಕಾಗುವುದು ಆ ವಿವರಗಳೇ.

ಹೊತ್ತನ್ನು ಅವರಿಗೆ ಅನುಕೂಲವಾಗುವಂತೆ ಇಟ್ಟುಕೊಳ್ಳಿ. ಅವರ ಪಾಳಿ ಮುಗಿದು, ಮನೆಗೆ ಹೋಗಿ ಉಂಡು ಬರುವ ಹೊತ್ತಿಗೆ ಮಧ್ಯಾಹ್ನ ಮೂರಾಗುತ್ತದೆ. ಮೂರರಿಂದ ಐದು ಸಾಕು. 'ಸಭೆ' ಎಂದು ಕರೆದರೆ ಬರುವವರು ಕಡಿಮೆ, 'ಮುಲಾಮು ಮಾಡೋಣ ಬರ್ರಿ' ಎಂದರೆ ಬರುತ್ತಾರೆ. ಮಂಡಕ್ಕಿ ಭಟ್ಟಿಯಲ್ಲಿ ಕಾದ ಮರಳಿನ ಮುಂದೆ ದಿನವಿಡೀ ನಿಲ್ಲುವವರು, ಮನೆಗೆಲಸಕ್ಕೆ ಹೋಗಿ ನಾಲ್ಕೈದು ಮನೆಯ ಪಾತ್ರೆ ತಿಕ್ಕುವವರು, ಇವರ ಕೈಯೂ ಅದೇ ಪಾಡು. ಅವರನ್ನೂ ಕರೆಯಿರಿ. ಹತ್ತು ಜನಕ್ಕಿಂತ ಹೆಚ್ಚಾದರೆ ಒಲೆಯ ಸುತ್ತ ನೂಕಾಟವಾಗುತ್ತದೆ, ಎರಡು ಸರದಿ ಮಾಡಿ. ನಡುವೆ ಒಂದು ಮೊರ ಮಂಡಕ್ಕಿ, ಬಿಸಿ ಮಿರ್ಚಿ ಇದ್ದರೆ ಯಾರಿಗೂ ಎದ್ದು ಹೋಗುವ ಅವಸರ ಇರುವುದಿಲ್ಲ.

ಸಾಮಾನು ಆರಿಸುವಾಗ

ಸುಮಾರು ಅರ್ಧ ಕಿಲೋ ಮುಲಾಮಿಗೆ, ಎಂದರೆ 25 ಗ್ರಾಂನ ಇಪ್ಪತ್ತು ಡಬ್ಬಿಗೆ, ಇಷ್ಟು ಬೇಕು:

ಎಳ್ಳೆಣ್ಣೆ 200 ಗ್ರಾಂ
ಹರಳೆಣ್ಣೆ 100 ಗ್ರಾಂ
ಕೊಬ್ಬರಿ ಎಣ್ಣೆ 60 ಗ್ರಾಂ
ಮುರುಗಲ ತುಪ್ಪ (ಕೋಕಂ ಬೀಜದ ಗಟ್ಟಿ ಜಿಡ್ಡು) 30 ಗ್ರಾಂ
ಬೇವಿನ ಎಣ್ಣೆ 20 ಗ್ರಾಂ
ಜೇನುಮೇಣ 90 ಗ್ರಾಂ

ಎಲ್ಲವನ್ನೂ ತೂಕದಲ್ಲೇ ಅಳೆಯಿರಿ. ಲೋಟ, ಚಮಚದ ಲೆಕ್ಕ ಮುಲಾಮಿಗೆ ಆಗುವುದಿಲ್ಲ. ಹೆರೆದ ಮೇಣ ಒಂದು ಲೋಟಕ್ಕೆ ಎಷ್ಟು ತುಂಬುತ್ತದೆ ಎನ್ನುವುದು ಹೆರೆದವರ ಕೈ ಮೇಲೆ ಹೋಗುತ್ತದೆ. ಅಡುಗೆಮನೆಯ ಚಿಕ್ಕ ಡಿಜಿಟಲ್ ತಕ್ಕಡಿ ಸಾಕು.

ಚಳ್ಳಕೆರೆ ಎಣ್ಣೆಗೆ ಹೆಸರಾದ ಊರು, ನಮ್ಮ ಸೀಮೆಯಲ್ಲಿ ಗಾಣದ ಶೇಂಗಾ ಎಣ್ಣೆಗೆ ಬರವಿಲ್ಲ. 'ಅದನ್ನೇ ಯಾಕೆ ಹಾಕಬಾರದು?' ಎಂದು ಎಲ್ಲರೂ ಕೇಳುತ್ತಾರೆ. ನಿಮ್ಮೊಬ್ಬರ ಮನೆಗಾದರೆ ಹಾಕಿಕೊಳ್ಳಿ. ಹಲವರು ಸೇರಿ ಮಾಡುವಾಗ ಬೇಡ. ಶೇಂಗಾ ಆಗದ ಮೈಯವರು ಇರುತ್ತಾರೆ, ಒಡೆದ ಚರ್ಮಕ್ಕೆ ಅದನ್ನು ಹಚ್ಚುವುದು ಸರಿಯಲ್ಲ. ಎಳ್ಳೆಣ್ಣೆಗೆ ಬೇಗ ಕಮಟು ಹಿಡಿಯುವುದಿಲ್ಲ, ಕೆಡದಂತೆ ಕಾಯುವ ಗುಣ ಅದರಲ್ಲೇ ಇದೆ. ಹಾಗಿದ್ದರೂ ಎಳ್ಳು ಆಗದವರೂ ಉಂಟು. ಎಣ್ಣೆ ಯಾವುದು ಎಂದು ಮೊದಲೇ ಎಲ್ಲರಿಗೂ ಹೇಳಿ, ಕೇಳಿ, ಆಮೇಲೆ ಸುರಿಯಿರಿ.

ಹರಳೆಣ್ಣೆ ಮಂದ, ಚರ್ಮದ ಮೇಲೆ ನಿಲ್ಲುತ್ತದೆ. ಮುರುಗಲ ತುಪ್ಪ ಶಿರಸಿ ಕಡೆಯಿಂದ ಬರುತ್ತದೆ, ಗಟ್ಟಿ ಉಂಡೆಯಾಗಿರುತ್ತದೆ. ಕಾಲೊಡಕಿಗೆ ಮಲೆನಾಡಿನವರು ಅದನ್ನು ಹಾಗೇ ಬಿಸಿ ಮಾಡಿ ತುಂಬುತ್ತಾರೆ. ಸಿಗದಿದ್ದರೆ ಅಷ್ಟೇ ತೂಕದ ಕೊಬ್ಬರಿ ಎಣ್ಣೆ ಸೇರಿಸಿ. ಬೇವಿನ ಎಣ್ಣೆ ಇದಕ್ಕಿಂತ ಜಾಸ್ತಿಯಾದರೆ ಡಬ್ಬಿ ತೆರೆಯಲು ಯಾರಿಗೂ ಮನಸ್ಸು ಬಾರದು.

ಮೇಣದ ವಿಷಯದಲ್ಲಿ ಮೋಸ ಹೋಗಬೇಡಿ. ಬೆಳ್ಳಗೆ, ವಾಸನೆಯೇ ಇಲ್ಲದೆ, ಕೈಗೆ ಜಾರುವ ಹಾಗಿದ್ದರೆ ಅದರಲ್ಲಿ ಮೋಂಬತ್ತಿ ಮೇಣ ಬೆರೆತಿರಬಹುದು. ಜೇನು ಸಾಕುವವರ ಹತ್ತಿರ ತುಪ್ಪ ಹಿಂಡಿದ ಹಳೇ ಹುಟ್ಟು ಸಿಕ್ಕರೆ ಮೇಣ ಮನೆಯಲ್ಲೇ ತೆಗೆಯಬಹುದು. ಹುಟ್ಟನ್ನು ಬಟ್ಟೆಗೆ ಕಟ್ಟಿ ನೀರಲ್ಲಿ ಕುದಿಸಿ, ಕೋಲಿನಿಂದ ಒತ್ತಿ ಹಿಂಡಿ, ಹಾಗೇ ರಾತ್ರಿಯಿಡೀ ಬಿಟ್ಟರೆ ಬೆಳಗ್ಗೆ ನೀರ ಮೇಲೆ ಹಳದಿ ಬಿಲ್ಲೆ ಕಟ್ಟಿರುತ್ತದೆ. ಅದನ್ನು ಒರೆಸಿ ಚೆನ್ನಾಗಿ ಒಣಗಿಸಿ ಬಳಸಿ.

ಕಾಯಿಸುವ ಕ್ರಮ

ಡಬ್ಬಿ, ಮುಚ್ಚಳ, ಚಮಚಗಳನ್ನು ಹತ್ತು ನಿಮಿಷ ನೀರಲ್ಲಿ ಕುದಿಸಿ, ಬಟ್ಟೆಯ ಮೇಲೆ ಬೋರಲು ಹಾಕಿ. ಪೂರ್ತಿ ಒಣಗಬೇಕು. ಈ ಮುಲಾಮಿನಲ್ಲಿ ನೀರಿಲ್ಲ, ಆದ್ದರಿಂದಲೇ ಇದು ತಿಂಗಳುಗಟ್ಟಲೆ ಕೆಡುವುದಿಲ್ಲ. ಒಂದೆರಡು ಹನಿ ನೀರು ಸೇರಿದರೂ ಆ ಜಾಗದಲ್ಲಿ ಬೂಷ್ಟು ಕೂರುತ್ತದೆ.

ಅಗಲ ಪಾತ್ರೆಯಲ್ಲಿ ಮೂರು ಬೆರಳು ನೀರಿಟ್ಟು ಒಲೆ ಹಚ್ಚಿ. ಅದರೊಳಗೆ ಇನ್ನೊಂದು ಸ್ಟೀಲ್ ಪಾತ್ರೆ ಕೂರಿಸಿ. ಮೇಣವನ್ನು ನೇರ ಉರಿಯ ಮೇಲೆ ಎಂದೂ ಇಡಬೇಡಿ, ಬೆಂಕಿ ಹತ್ತುತ್ತದೆ. ಹೆರೆದ ಮೇಣವನ್ನು ಎಳ್ಳೆಣ್ಣೆ, ಹರಳೆಣ್ಣೆಯ ಜೊತೆ ಒಳಪಾತ್ರೆಗೆ ಹಾಕಿ. ಜೇನುಮೇಣ 62ರಿಂದ 64 ಡಿಗ್ರಿಯಲ್ಲಿ ಕರಗುತ್ತದೆ, ಕೆಳಗಿನ ನೀರು ಸಣ್ಣಗೆ ಗುಳುಗುಳು ಎನ್ನುತ್ತಿದ್ದರೆ ಸಾಕು. ಮೇಣದ ಒಂದು ಚೂರೂ ಕಾಣದ ಹಾಗೆ ತಿಳಿಯಾದ ಮೇಲೆ ಕೊಬ್ಬರಿ ಎಣ್ಣೆ, ಮುರುಗಲ ತುಪ್ಪ ಸೇರಿಸಿ, ಅದೂ ಕರಗಿದ ಕೂಡಲೇ ಒಲೆ ಆರಿಸಿ. ಬೇವಿನ ಎಣ್ಣೆ ಕೊನೆಗೆ.

ಹದ ನೋಡಲು ಒಂದು ಸ್ಟೀಲ್ ತಟ್ಟೆಯನ್ನು ಮೊದಲೇ ಫ್ರಿಜ್ಜಿನಲ್ಲಿ ಇಟ್ಟಿರಿ. ಅದರ ಮೇಲೆ ಅರ್ಧ ಚಮಚ ಬಿಟ್ಟು, ಎರಡು ನಿಮಿಷ ಕಾದು, ಬೆರಳಿನಿಂದ ಒತ್ತಿ. ಬೆರಳು ಒತ್ತಿದ ಗುರುತು ನಿಲ್ಲಬೇಕು, ಮೈಗೆ ಉಜ್ಜಿದರೆ ಕರಗಿ ಹರಡಬೇಕು. ಉಗುರಿನಿಂದ ಕೆರೆಯಬೇಕಾದಷ್ಟು ಗಟ್ಟಿಯಾದರೆ ಇನ್ನಷ್ಟು ಎಳ್ಳೆಣ್ಣೆ, ಹರಿಯುವ ಹಾಗಿದ್ದರೆ ಇನ್ನಷ್ಟು ಮೇಣ. ಮಾರ್ಚ್, ಏಪ್ರಿಲ್ ಬಿಸಿಲಿಗೆ ಮೇಣ 100 ಗ್ರಾಂವರೆಗೆ ಏರಿಸಿ, ಚಳಿಗಾಲಕ್ಕೆ 80 ಸಾಕು.

ಬಿಸಿ ಇರುವಾಗಲೇ ಡಬ್ಬಿಗೆ ಸುರಿದು, ತೆರೆದೇ ಬಿಡಿ. ಪೂರ್ತಿ ಆರಿದ ಮೇಲೆ ಮುಚ್ಚಳ. ಬಿಸಿಯಲ್ಲೇ ಮುಚ್ಚಿದರೆ ಒಳಗೆ ಬೆವರು ಹನಿಯುತ್ತದೆ. ಮಾಡಿದ ತಾರೀಖು, ಹಾಕಿದ ಎಣ್ಣೆಗಳ ಹೆಸರು ಬರೆದು ಅಂಟಿಸಿ. ನೆರಳಲ್ಲಿಟ್ಟರೆ ಆರು ತಿಂಗಳು ಬಳಸಬಹುದು. ಹಳೇ ಎಣ್ಣೆಯ ಕಮಟು ವಾಸನೆ ಬಂದ ದಿನ ಎಸೆಯಿರಿ.

ಈ ಮುಲಾಮಿಗೆ ನಾನು ಸುಗಂಧ ಹಾಕುವುದಿಲ್ಲ. ನೀಲಗಿರಿ ಎಣ್ಣೆ, ಮಜ್ಜಿಗೆಹುಲ್ಲಿನ ಎಣ್ಣೆ, ಕರ್ಪೂರ ಒಡೆದ ಚರ್ಮಕ್ಕೆ ತಾಕಿದರೆ ಉರಿ ಹೆಚ್ಚುತ್ತದೆ. 'ಉರಿದರೆ ಔಷಧಿ ಹತ್ತಿತು' ಎನ್ನುವ ನಂಬಿಕೆ ನಮ್ಮಲ್ಲಿದೆ, ಅದನ್ನು ಬಿಡಬೇಕು. ಇದ್ಯಾವುದನ್ನೂ ಮಾಡಲು ಪುರಸೊತ್ತಿಲ್ಲದವರಿಗೆ ಮೆಡಿಕಲ್ ಶಾಪಿನ ಸಾದಾ ಪೆಟ್ರೋಲಿಯಂ ಜೆಲ್ಲಿಯೂ ಇದೇ ಕೆಲಸ ಮಾಡುತ್ತದೆ. ಮನೆಯದು ಎಂಬ ಒಂದೇ ಕಾರಣಕ್ಕೆ ಯಾವುದೂ ಮೇಲಲ್ಲ.

ಹಚ್ಚುವುದರಲ್ಲೂ ಕ್ರಮವಿದೆ

ಮೊದಲ ಸಲ ಮೊಣಕೈ ಒಳಮಗ್ಗುಲಿಗೆ ಕಡಲೆ ಕಾಳಿನಷ್ಟು ಹಚ್ಚಿ ಎರಡು ದಿನ ನೋಡಿ. ಕೆಂಪಾಗದೆ, ಕೆರೆಯದೆ ಇದ್ದರೆ ಮುಂದುವರಿಯಿರಿ.

ಹಿಮ್ಮಡಿಗಾದರೆ ಉಗುರು ಬೆಚ್ಚಗಿನ ನೀರಲ್ಲಿ ಹತ್ತು ಹದಿನೈದು ನಿಮಿಷ ಕಾಲಿಟ್ಟು, ಒರೆಸಿ, ತೇವ ಪೂರ್ತಿ ಆರುವ ಮುಂಚೆ ಮುಲಾಮು ತುಂಬಿ, ಹಳೇ ಹತ್ತಿಯ ಕಾಲುಚೀಲ ಹಾಕಿ ಮಲಗಿ. ಕಲ್ಲಿನಿಂದ ರಕ್ತ ಬರುವ ಹಾಗೆ ಉಜ್ಜಬೇಡಿ. ಸಕ್ಕರೆ ಕಾಯಿಲೆ ಇರುವವರ ಕಾಲಿನ ಬಿರುಕಿನಲ್ಲಿ ರಕ್ತ, ಕೀವು, ಊತ ಕಂಡರೆ ಮುಲಾಮು ಪಕ್ಕಕ್ಕಿಟ್ಟು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಇದನ್ನು ಕೂಟದಲ್ಲಿ ಎರಡು ಸಲ ಹೇಳಿ.

ಕೈಗೆ ಹಚ್ಚುವ ಹೊತ್ತು ರಾತ್ರಿ. ನಮ್ಮ ಕೂಟಕ್ಕೆ ಬರುವ ಒಬ್ಬ ಅಕ್ಕ ಮೊದಲ ದಿನವೇ ಬೆರಳಿಗೆ ಒಂದಿಷ್ಟು ಸವರಿಕೊಂಡು, ಪೊರಕೆ ಹಿಡಿದ ಹಾಗೆ ಮುಷ್ಟಿ ಬಿಗಿದು ನೋಡಿ ಹೇಳಿದರು: "ಇದನ್ನ ಹಚ್ಕೊಂಡು ಹೋದ್ರೆ ಸಲಿಕೆ ಜಾರ್ತೈತಿ ಅಕ್ಕಾ. ರಾತ್ರಿಗಿರ್ಲಿ." ಅವರ ಮಾತಿಗೆ ಇನ್ನೊಂದು ಕಾರಣ ನಾನು ಸೇರಿಸುತ್ತೇನೆ. ರಬ್ಬರಿನ, ಅಂದರೆ ಲ್ಯಾಟೆಕ್ಸಿನ ಕೈಗವಸಿಗೆ ಎಣ್ಣೆ ಶತ್ರು. ಎಣ್ಣೆ ತಾಗಿದ ರಬ್ಬರು ಮೆತ್ತಗಾಗಿ, ಉಬ್ಬಿ, ಹರಿಯುತ್ತದೆ. ಹಗಲು ಮುಲಾಮು ಹಚ್ಚಿ ಅದರ ಮೇಲೆ ಕೈಗವಸು ಹಾಕಿದರೆ ಎರಡೂ ಹಾಳು. ನೈಟ್ರೈಲ್ ಎಂಬ ಬಗೆಯ ಕೈಗವಸು ಎಣ್ಣೆಗೆ ಅಷ್ಟು ಬೇಗ ಸೋಲುವುದಿಲ್ಲ. ಮನವಿ ಬರೆಯುವಾಗ ಈ ಮಾತು ನೆನಪಿರಲಿ.

ಪರಿಮಳದ ಎಣ್ಣೆ

ಕೂಟಕ್ಕೆ ಬಂದವರು ಮುಲಾಮಿಗಿಂತ ಆಸೆಪಟ್ಟು ಕೇಳುವುದು ಇದನ್ನೇ. ಅದೇ ಅಕ್ಕ ಹೇಳಿದ ಮಾತು: "ಊಟಕ್ಕ ಕುಂತಾಗ ಕೈ ಮೂಸಿ ನೋಡ್ಕಂತೀನಿ. ಎಷ್ಟು ತೊಳೆದ್ರೂ ಆ ವಾಸನಿ ಹೋಗಂಗಿಲ್ಲ." ಅಂಥವರಿಗೆ ಹೂವಿನ ಎಣ್ಣೆ ಷೋಕಿಯಲ್ಲ. ಗಾಯವಿಲ್ಲದ ಚರ್ಮಕ್ಕೆ, ತಲೆಗೆ, ಸ್ನಾನಕ್ಕೆ ಮುಂಚೆ ಮೈಗೆ ಹಚ್ಚಲು ಇದನ್ನು ಮಾಡಿಕೊಳ್ಳಿ.

ಹೂವನ್ನು ಎಣ್ಣೆಯಲ್ಲಿ ಕುದಿಸುವವರಿದ್ದಾರೆ. ಮಲ್ಲಿಗೆಗೆ ಅದು ಬೇಡವೇ ಬೇಡ, ಪರಿಮಳ ಉರಿಗೆ ಹಾರಿ ಬೆಂದ ಸೊಪ್ಪಿನ ವಾಸನೆ ಉಳಿಯುತ್ತದೆ. ಮಲ್ಲಿಗೆ, ಸುಗಂಧರಾಜ ಎರಡೂ ಬಿಡಿಸಿದ ಮೇಲೂ ಗಂಟೆಗಟ್ಟಲೆ ಪರಿಮಳ ಬಿಡುತ್ತಲೇ ಇರುತ್ತವೆ. ಆ ಪರಿಮಳವನ್ನು ಹೀರಿಕೊಳ್ಳುವ ಜಿಡ್ಡನ್ನು ಪಕ್ಕದಲ್ಲಿಟ್ಟು ಸುಮ್ಮನೆ ಕಾಯುವುದೇ ಇದರ ಉಪಾಯ.

ಚಳಿಗಾಲಕ್ಕೆ ಸುಗಂಧರಾಜ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರ್, ಜನವರಿಯಲ್ಲಿ ನಮ್ಮ ಕಡೆ ರಾತ್ರಿ ಅಷ್ಟು ತಂಪಿರುತ್ತದೆ. ಹಗಲಲ್ಲಿ ತಟ್ಟೆಯನ್ನು ಗಾಳಿಯಾಡುವ ತಂಪು ಮೂಲೆಯಲ್ಲಿಡಿ. ಎರಡು ಅಗಲ ಸ್ಟೀಲ್ ತಟ್ಟೆಗಳಿಗೆ ಅರ್ಧ ಬೆರಳು ದಪ್ಪ ಎಣ್ಣೆ ಹರಡಿ ಹೆಪ್ಪಾಗಲು ಬಿಡಿ. ಮೇಲೆ ಫೋರ್ಕಿನಿಂದ ಗೆರೆ ಎಳೆಯಿರಿ. ತೊಟ್ಟು ಕಿತ್ತ, ತೇವವಿಲ್ಲದ ಹೂಗಳನ್ನು ಒಂದು ತಟ್ಟೆಯ ಮೇಲೆ ಮುಖ ಕೆಳಗೆ ಮಾಡಿ ಒತ್ತೊತ್ತಾಗಿ ಜೋಡಿಸಿ. ಇನ್ನೊಂದು ತಟ್ಟೆಯನ್ನು ಬೋರಲಾಗಿ ಮುಚ್ಚಿ. ಮರುದಿನ ಅದೇ ಹೊತ್ತಿಗೆ ಬಾಡಿದ ಹೂ ತೆಗೆದು ಹೊಸತು ಇಡಿ. ಬಾಡಿದ್ದನ್ನು ಒಂದು ದಿನ ಹೆಚ್ಚಿಗೆ ಬಿಟ್ಟರೂ ಕೊಳೆತ ವಾಸನೆ ಎಣ್ಣೆಗೆ ಇಳಿಯುತ್ತದೆ. ವಾರ ಹತ್ತು ದಿನ ಹೀಗೆ ಹೂ ಬದಲಿಸಿ, ಕೊನೆಗೆ ಎಣ್ಣೆಯನ್ನು ಬಿಸಿನೀರಿನ ಪಾತ್ರೆಯ ಮೇಲಿಟ್ಟು ಕರಗುವಷ್ಟೇ ಕರಗಿಸಿ, ತೆಳು ಬಟ್ಟೆಯಲ್ಲಿ ಸೋಸಿ. ತಳದಲ್ಲಿ ನೀರಿನ ಹನಿ ಕಂಡರೆ ಮೇಲಿನ ಎಣ್ಣೆಯನ್ನಷ್ಟೇ ಬಗ್ಗಿಸಿಕೊಳ್ಳಿ.

ಬೇಸಿಗೆಗೆ ದುಂಡುಮಲ್ಲಿಗೆ. ಆಗ ಕೊಬ್ಬರಿ ಎಣ್ಣೆ ನೀರಾಗಿರುತ್ತದೆ, ಎಳ್ಳನ್ನು ಹಿಡಿಯಬೇಕು. ಉತ್ತರ ಪ್ರದೇಶದ ಜೌನ್‌ಪುರ, ಗಾಜೀಪುರದ ಕಡೆ ಚಮೇಲಿ ಎಣ್ಣೆಯನ್ನು ಹಿಂದಿನಿಂದ ಹೀಗೇ ಮಾಡಿದ್ದಾರೆ. ಎಣ್ಣೆಗೆ ಹೂ ಹಾಕುವ ಬದಲು ಎಳ್ಳಿಗೇ ಪರಿಮಳ ಹಿಡಿಸಿ ಆಮೇಲೆ ಗಾಣಕ್ಕೆ ಹಾಕುವುದು. ತೊಳೆದು ಗರಿಗರಿಯಾಗಿ ಒಣಗಿಸಿದ ಒಂದು ಕಿಲೋ ಎಳ್ಳಿಗೆ ಕಾಲು ಕಿಲೋ ಮೊಗ್ಗು ಬೇಕು. ಅರಳಿದ ಹೂ ಬೇಡ, ಸಂಜೆ ಬಿರಿಯಲಿರುವ ಮೊಗ್ಗೇ ಆಗಬೇಕು. ಅಗಲ ಬುಟ್ಟಿಯಲ್ಲಿ ಬಟ್ಟೆ ಹಾಸಿ ಒಂದು ಪದರ ಎಳ್ಳು, ಒಂದು ಪದರ ಮೊಗ್ಗು, ಮತ್ತೆ ಎಳ್ಳು ಹೀಗೆ ಹರಡಿ ಬಟ್ಟೆ ಮುಚ್ಚಿ. ಬೆಳಗ್ಗೆ ಜರಡಿ ಹಿಡಿದು ಹೂ ಬೇರೆ ಮಾಡಿ, ಎಳ್ಳನ್ನು ನೆರಳಲ್ಲಿ ಹರವಿ ತೇವ ಆರಿಸಿ. ಸಂಜೆಗೆ ಹೊಸ ಮೊಗ್ಗು. ಐದಾರು ಸಲ ಆದ ಮೇಲೆ ಎಳ್ಳನ್ನು ಕೈಯಲ್ಲಿ ಉಜ್ಜಿದರೆ ಮಲ್ಲಿಗೆಯೇ ಘಮ್ಮೆನ್ನುತ್ತದೆ. ಸಣ್ಣ ಪ್ರಮಾಣದಲ್ಲಿ ಹಿಂಡಿಕೊಡುವ ಮೆಷಿನ್ನು ಹುಡುಕಿ. ದೊಡ್ಡ ಗಾಣಕ್ಕೆ ಒಂದು ಕಿಲೋ ಸಾಲದು, ಐದಾರು ಮನೆಯವರು ಕೂಡಿಯೇ ಹಾಕಬೇಕಾಗುತ್ತದೆ. ಕಿಲೋಗೆ 350ರಿಂದ 400 ಗ್ರಾಂ ಎಣ್ಣೆ ನಿರೀಕ್ಷಿಸಬಹುದು. ಹಬ್ಬ, ಮದುವೆ ಮುಹೂರ್ತದ ದಿನ ಹೂವಿನ ದರ ಕೇಳುವಂತಿರುವುದಿಲ್ಲ, ನಡುವಿನ ದಿನಗಳಲ್ಲಿ ಶುರುಮಾಡಿ. ಕನಕಾಂಬರ, ಕಾಕಡ ಅಗ್ಗವೆಂದು ತರಬೇಡಿ, ಹೀರಿಕೊಳ್ಳಲು ಅವುಗಳಲ್ಲಿ ಪರಿಮಳವೇ ಇರುವುದಿಲ್ಲ.

ತಲೆಗೆ ಹಚ್ಚುವ ಸೊಪ್ಪಿನ ಎಣ್ಣೆಗೆ ಮಾತ್ರ ಉರಿ ಬೇಕು. ಗರಗದ ಸೊಪ್ಪು, ದಾಸವಾಳದ ಎಲೆ, ಒಂದಿಷ್ಟು ಕಚೋರ, ಲಾವಂಚದ ಬೇರು ಅರೆದು ನಾಲ್ಕು ಪಟ್ಟು ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಕಾಯಿಸಿ. ಇಳಿಸುವ ಹೊತ್ತು ತಿಳಿಯಲು ತಳದ ಗಸಿಯನ್ನು ಬೆರಳಲ್ಲಿ ಹೊಸೆಯಿರಿ. ಬತ್ತಿಯ ಹಾಗೆ ಉರುಳಬೇಕು. ಆ ಬತ್ತಿಯನ್ನು ಉರಿಗೆ ಹಿಡಿದರೆ ಚಿಟಪಟ ಎನ್ನದೆ ಉರಿಯಬೇಕು. ಚಿಟಪಟ ಎಂದರೆ ನೀರು ಇನ್ನೂ ಇದೆ, ಆ ಎಣ್ಣೆ ಬೇಗ ಕೆಡುತ್ತದೆ.

ಬಾಟಲಿಯಲ್ಲಿ ಸಿಗುವ ಸುಗಂಧ ತೈಲ ಬಳಸುವವರು ನೂರು ಗ್ರಾಂ ಎಣ್ಣೆಗೆ ಒಂದು ಗ್ರಾಂ, ಎಂದರೆ ಸುಮಾರು ಇಪ್ಪತ್ತು ಹನಿ ದಾಟಬಾರದು. ಮುಖಕ್ಕಾದರೆ ಅದರರ್ಧ. ಎಳೆಗೂಸುಗಳಿಗೆ ಕರ್ಪೂರದ ಎಣ್ಣೆ ಹಚ್ಚಲೇಬೇಡಿ.

ನೀರು ಸೇರುವ ಕ್ರೀಂ

ಮುಲಾಮು ಬೇರೆ, ಬೆಳ್ಳಗೆ ನುಣ್ಣಗಿರುವ ಕ್ರೀಂ ಬೇರೆ. ಕ್ರೀಮಿನಲ್ಲಿ ಮುಕ್ಕಾಲು ಪಾಲು ನೀರೇ. ನೀರಿದ್ದಲ್ಲಿ ಬೂಷ್ಟು, ಬ್ಯಾಕ್ಟೀರಿಯಾ ಬಂದೇ ಬರುತ್ತವೆ, ಹೆಚ್ಚಿನ ಸಲ ಕಣ್ಣಿಗೆ ಕಾಣುವ ಮುಂಚೆಯೇ. ವಿಟಮಿನ್ ಇ ಹಾಕಿದರೆ ಕೆಡುವುದಿಲ್ಲ ಎಂದು ಹಲವು ವಿಡಿಯೋಗಳು ಹೇಳುತ್ತವೆ. ಅದು ಎಣ್ಣೆಗೆ ಕಮಟು ಹಿಡಿಯುವುದನ್ನು ತಡೆಯುತ್ತದೆ, ಕ್ರಿಮಿಯನ್ನಲ್ಲ.

ಮಾಡಿಯೇ ತೀರುತ್ತೇನೆ ಎನ್ನುವವರಿಗೆ ನೂರು ಗ್ರಾಂ ಲೆಕ್ಕ: ಡಿಸ್ಟಿಲ್ಡ್ ನೀರು 71, ಗ್ಲಿಸರಿನ್ 4, ಎಣ್ಣೆ 17, ಎಮಲ್ಸಿಫೈಯಿಂಗ್ ವ್ಯಾಕ್ಸ್ (ಎಣ್ಣೆ ನೀರನ್ನು ಕೂಡಿಸುವ ಮೇಣ) 7, ಫಿನಾಕ್ಸಿಎಥನಾಲ್ ಆಧಾರಿತ ಪ್ರಿಸರ್ವೇಟಿವ್ (ಕ್ರಿಮಿ ಬೆಳೆಯದಂತೆ ತಡೆಯುವ ವಸ್ತು) 1. ಬೋರಿನ ಗಡಸು ನೀರು ಬೇಡ, ಎಣ್ಣೆ ನೀರು ಒಡೆದುಕೊಳ್ಳುತ್ತವೆ. ನೀರು ಗ್ಲಿಸರಿನ್ ಒಂದು ಪಾತ್ರೆಯಲ್ಲಿ, ಎಣ್ಣೆ ಮೇಣ ಇನ್ನೊಂದರಲ್ಲಿ, ಎರಡನ್ನೂ 70ರಿಂದ 75 ಡಿಗ್ರಿಗೆ ತಂದು ಇಪ್ಪತ್ತು ನಿಮಿಷ ಅದೇ ಬಿಸಿಯಲ್ಲಿಡಿ. ಆವಿಯಾಗಿ ಹೋದಷ್ಟು ನೀರನ್ನು ತೂಗಿ ತುಂಬಿಕೊಂಡು ಎಣ್ಣೆಗೆ ನೀರು ಸುರಿಯುತ್ತಾ ಹ್ಯಾಂಡ್ ಬ್ಲೆಂಡರ್ ಆಡಿಸಿ. ಆರುವವರೆಗೂ ನಡುನಡುವೆ ಕಲಸಿ. 40 ಡಿಗ್ರಿಗೆ ಇಳಿದ ಮೇಲೆ ಪ್ರಿಸರ್ವೇಟಿವ್. ಇದು ನಿಮ್ಮೊಬ್ಬರ ಬಳಕೆಗಷ್ಟೇ. ತಾಜಾ ಲೋಳೆಸರ, ಹಾಲಿನ ಕೆನೆ ಕಲಸಿದ್ದನ್ನು ಆಗಲೇ ಹಚ್ಚಿ ತೊಳೆದುಬಿಡಿ. ಲೋಳೆಸರ ಕತ್ತರಿಸಿದಾಗ ಸೋರುವ ಹಳದಿ ರಸ ಕೆರೆತ ತರುತ್ತದೆ, ಅದನ್ನು ತೊಳೆದೇ ಬಳಸಿ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತಾಗಿ ಕಪ್ಪು ಕಲೆ ಕೂರುತ್ತದೆ.

ಕೂಟದಲ್ಲಿ ಹರೆಯದ ಹುಡುಗಿಯರಿದ್ದರೆ 'ಬೆಳ್ಳಗಾಗೋ ಕ್ರೀಂ ಮಾಡೋಣ' ಎಂದು ಕೇಳುತ್ತಾರೆ. ಅಂಥದ್ದು ಇಲ್ಲ ಎಂದು ನೇರವಾಗಿ ಹೇಳಿ. ಅಂಗಡಿಯಲ್ಲಿ ಸಿಗುವ ಕೆಲವು ಬೆಳ್ಳಗಾಗಿಸುವ ಕ್ರೀಮುಗಳಲ್ಲಿ ಪಾದರಸ ಇರುತ್ತದೆ, ಅದು ಮೂತ್ರಪಿಂಡಕ್ಕೆ ಕೆಟ್ಟದ್ದು. ಇನ್ನು ಕೆಲವು ಸ್ಟಿರಾಯ್ಡ್ ಮುಲಾಮುಗಳು. ವಾರದಲ್ಲಿ ಮುಖ ಹೊಳೆಯುತ್ತದೆ, ತಿಂಗಳುಗಳಲ್ಲಿ ಚರ್ಮ ತೆಳುವಾಗಿ, ಕೆಂಪಾಗಿ, ಮೊಡವೆ ತುಂಬುತ್ತದೆ. ವೈದ್ಯರ ಚೀಟಿಯಿಲ್ಲದೆ ಮಾರಬಾರದ್ದನ್ನು ಕೇಳಿದವರಿಗೆಲ್ಲ ಕೊಡುತ್ತಿದ್ದರೆ ಔಷಧ ನಿಯಂತ್ರಣ ಇಲಾಖೆಗೆ ದೂರು ಕೊಡುವುದೂ ಓಣಿಯ ಕೆಲಸವೇ.

ಮೊದಲ ಒತ್ತಾಯ ನಮ್ಮ ಮೇಲೆಯೇ

ಪಾಲಿಕೆಗೆ ಬರೆಯುವ ಮುಂಚೆ ಗಾಯ ಎಲ್ಲಿಂದ ಬಂತು ನೋಡಿ. ಕಸದಲ್ಲಿ ಕೈ ಕೊಯ್ಯುವುದು ನಮ್ಮ ಮನೆಯ ಒಡೆದ ಲೋಟ, ಗಡ್ಡದ ಬ್ಲೇಡು, ಇನ್ಸುಲಿನ್ ಸೂಜಿ. ಒಡೆದ ಗಾಜನ್ನು ರಟ್ಟಿನ ಡಬ್ಬಕ್ಕೆ ಹಾಕಿ ಟೇಪು ಸುತ್ತಿ 'ಗಾಜು' ಎಂದು ಬರೆದು ಕೈಯಲ್ಲೇ ಕೊಡಬೇಕು. ಸೂಜಿಗೆ ಗಟ್ಟಿ ಪ್ಲಾಸ್ಟಿಕ್ ಡಬ್ಬಿ. ಪ್ಯಾಡು, ಡೈಪರು ಬೇರೆಯಾಗಿ ಕಾಗದದಲ್ಲಿ ಸುತ್ತಿ ಕೊಡಬೇಕು. ಹಸಿ ಕಸ, ಒಣ ಕಸ ಬೇರೆ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಕಸ ಬೇರ್ಪಡಿಸಿ ಕೊಡುವುದನ್ನು ಮನೆಯವರ ಹೊಣೆ ಎಂದೇ ಬರೆದವು. ಕೂಟದಿಂದ ಇಬ್ಬಿಬ್ಬರು ಮನೆಮನೆಗೆ ಹೋಗಿ ಹೇಳಿ. ಭಾಷಣ ಬೇಡ. 'ಕಸ ಎತ್ತೋ ಅಕ್ಕನ ಕೈಗೆ ಗಾಜು ಚುಚ್ಚೈತಿ ರೀ, ಇನ್ಮೇಲೆ ಡಬ್ಬಕ್ಕ ಹಾಕಿ ಕೊಡ್ರಿ' ಎಂದರೆ ಸಾಕು, ಎಲ್ಲರಿಗೂ ಅರ್ಥವಾಗುತ್ತದೆ.

ಮನವಿ ಬರೆಯುವುದು

ಅದೇ ನಿಯಮಗಳು ಕಸ ಮುಟ್ಟುವ ಎಲ್ಲ ಕೆಲಸಗಾರರಿಗೂ ಸಮವಸ್ತ್ರ, ಹೊಳೆಯುವ ಜಾಕೆಟ್ಟು, ಕೈಗವಸು, ಮಳೆ ಕೋಟು, ತಕ್ಕ ಪಾದರಕ್ಷೆ, ಮಾಸ್ಕು ಸಿಗಬೇಕು, ಅವರು ಅದನ್ನು ಬಳಸುವಂತೆಯೂ ನೋಡಿಕೊಳ್ಳಬೇಕು ಎಂದು ಹೇಳಿದವು. ಅದರಲ್ಲಿ ಗುತ್ತಿಗೆಯವರೂ ಸೇರಿದ್ದರು. ಆದ್ದರಿಂದ ಕೈಮುಗಿದು ಬೇಡುವ ಭಾಷೆ ಬೇಕಾಗಿಲ್ಲ, ಮರ್ಯಾದೆಯಿಂದ ಸ್ಪಷ್ಟವಾಗಿ ಕೇಳಿದರೆ ಆಯಿತು.

ಕೆಲಸಗಾರರ ಹೆಸರು ಬರೆಯಬೇಡಿ, ಅವರಿಂದ ಸಹಿ ಹಾಕಿಸಬೇಡಿ, ಅವರಾಗಿ ಮುಂದೆ ಬಂದರೆ ಮಾತ್ರ. ಗುತ್ತಿಗೆಯಲ್ಲಿರುವವರಿಗೆ ನಾಳೆ 'ನೀನು ಬರಬೇಡ' ಎಂಬ ಮಾತು ಬಂದರೆ ನಮ್ಮ ಮುಲಾಮು ಅವರ ಹೊಟ್ಟೆ ತುಂಬಿಸುವುದಿಲ್ಲ. ಸಹಿ ಮನೆಯವರದ್ದಿರಲಿ. ಬರೆದದ್ದನ್ನು ಕೊಡುವ ಮುಂಚೆ ಅವರಿಗೇ ಓದಿ ಹೇಳಿ, ಅವರು ಬೇಡವೆಂದ ಸಾಲು ತೆಗೆಯಿರಿ.

ಒಂದು ಮನವಿಯಲ್ಲಿ ಒಂದೇ ವಿಷಯ. ಬೀದಿದೀಪ, ನಾಯಿ ಕಾಟ ಎಲ್ಲಾ ಸೇರಿಸಿದರೆ ಯಾವುದೂ ಆಗುವುದಿಲ್ಲ. ಮಾದರಿ ಹೀಗಿರಲಿ:

"ಇವರಿಗೆ, ಆಯುಕ್ತರು, ಮಹಾನಗರ ಪಾಲಿಕೆ, ದಾವಣಗೆರೆ. ವಿಷಯ: ನಮ್ಮ ವಾರ್ಡಿನ ಪೌರಕಾರ್ಮಿಕರಿಗೆ ಅಳತೆಗೆ ತಕ್ಕ ಕೈಗವಸು ಒದಗಿಸುವ ಬಗ್ಗೆ. ಮಾನ್ಯರೇ, ನಮ್ಮ ಓಣಿಯಲ್ಲಿ ಕಸ ಸಂಗ್ರಹಿಸುವವರು ಬರಿಗೈಯಲ್ಲಿ ಕೆಲಸ ಮಾಡುತ್ತಿರುವುದನ್ನು ದಿನವೂ ನೋಡುತ್ತಿದ್ದೇವೆ. ಮಹಿಳೆಯರ ಕೈ ಅಳತೆಗೆ ಹೊಂದುವ, ನೈಟ್ರೈಲ್ ಅಥವಾ ಸಮನಾದ ಗುಣಮಟ್ಟದ ಕೈಗವಸುಗಳನ್ನು ಒಬ್ಬರಿಗೆ ಕನಿಷ್ಠ ಎರಡು ಜೊತೆಯಂತೆ ಕೊಡಿಸಬೇಕೆಂದು, ಹರಿದಾಗ ಬದಲಿ ಸಿಗುವ ವ್ಯವಸ್ಥೆ ಮಾಡಬೇಕೆಂದು ಕೋರುತ್ತೇವೆ. ಒಡೆದ ಗಾಜು, ಸೂಜಿಗಳನ್ನು ಪ್ರತ್ಯೇಕವಾಗಿ ಕೊಡಲು ಓಣಿಯ ಮನೆಗಳವರು ಒಪ್ಪಿರುತ್ತೇವೆ."

ಅಳತೆ, ಜೊತೆ ಎಂದು ಬಿಡಿಸಿ ಬರೆಯದಿದ್ದರೆ ಗಂಡಸರ ದೊಡ್ಡ ಅಳತೆಯದ್ದು ಬಂದು ಬೀಳುತ್ತದೆ. ಬೆರಳ ತುದಿ ಖಾಲಿ ಉಳಿಯುವ ಕೈಗವಸಿನಲ್ಲಿ ಪೊರಕೆ ಹಿಡಿಯಲಾಗದು, ಎರಡೇ ದಿನಕ್ಕೆ ಮೂಲೆ ಸೇರುತ್ತದೆ. ಎರಡು ಜೊತೆ ಕೇಳುವುದಕ್ಕೂ ಕಾರಣವಿದೆ. ಬೆವರಿದ ಕೈಗವಸನ್ನು ಒಳಹೊರಗು ಮಾಡಿ ಒಣಗಿಸದೆ ಮರುದಿನ ಹಾಕಿದರೆ ಬೆರಳ ಸಂದಿ ಬೆಂದು ಹುಳುಕಡ್ಡಿಯಾಗುತ್ತದೆ. ಕೂಟದಲ್ಲೇ ಒಂದು ದಾರ ಹಿಡಿದು ಅಂಗೈ ಸುತ್ತಳತೆ ತೆಗೆದು, ಯಾವ ಅಳತೆಯವರು ಎಷ್ಟು ಜನ ಎಂದು ಮನವಿಗೆ ಲಗತ್ತಿಸಿ.

ಎರಡು ಪ್ರತಿ ಒಯ್ಯಿರಿ. ಒಂದನ್ನು ಟಪಾಲು ವಿಭಾಗದಲ್ಲಿ ಕೊಟ್ಟು, ಇನ್ನೊಂದರ ಮೇಲೆ ಮೊಹರು, ತಾರೀಖು, ಸಹಿ ಹಾಕಿಸಿಕೊಳ್ಳಿ. ಆ ಪ್ರತಿ ಇಲ್ಲದಿದ್ದರೆ ಮುಂದೆ ಯಾವ ಮಾತಿಗೂ ಬೆಲೆಯಿಲ್ಲ. ಆರೋಗ್ಯ ನಿರೀಕ್ಷಕರಿಗೂ ಒಂದು ಪ್ರತಿ ಕೊಟ್ಟು ಮುಖತಃ ಮಾತಾಡಿ. ಹೆಚ್ಚಿನ ಸಲ ಕೆಲಸ ಆಗುವುದು ಅಲ್ಲಿಂದಲೇ. ಜೊತೆಗೆ 1902 ಸಂಖ್ಯೆಯ ಜನಸ್ಪಂದನ ಸಹಾಯವಾಣಿಯಲ್ಲಿ ದೂರು ದಾಖಲಿಸಿ ಅದರ ನಂಬರ್ ಬರೆದಿಟ್ಟುಕೊಳ್ಳಿ.

ಉತ್ತರ ಬಾರದಿದ್ದರೆ

ಒಂದು ತಿಂಗಳು ಕಾಯಿರಿ. ಆಮೇಲೆ 2005ರ ಮಾಹಿತಿ ಹಕ್ಕು ಕಾಯ್ದೆ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡಿನವರಿಗೆ ಅದೂ ಇಲ್ಲ. ಕರ್ನಾಟಕದಲ್ಲಿ ಒಂದು ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ದಾಟಬಾರದು. 'ಯಾಕೆ ಕೊಟ್ಟಿಲ್ಲ?' ಎಂದು ಕೇಳಿದರೆ ಉತ್ತರ ಬರುವುದಿಲ್ಲ, ದಾಖಲೆ ಕೇಳಬೇಕು. ಕಳೆದ ಎರಡು ಆರ್ಥಿಕ ವರ್ಷಗಳಲ್ಲಿ ಕೈಗವಸು ಖರೀದಿಯ ಆದೇಶ ಮತ್ತು ಬಿಲ್ಲಿನ ಪ್ರತಿ, ನಮ್ಮ ವಾರ್ಡಿಗೆ ವಿತರಿಸಿದ ದಾಸ್ತಾನು ಪುಸ್ತಕದ ಪುಟಗಳು, ಗುತ್ತಿಗೆ ಕರಾರಿನಲ್ಲಿ ಸುರಕ್ಷಾ ಸಾಮಗ್ರಿಯ ಬಗ್ಗೆ ಇರುವ ಷರತ್ತಿನ ಪ್ರತಿ ಎಂದು ಕೇಳಿ. 30 ದಿನದೊಳಗೆ ಉತ್ತರ ಬರಬೇಕು. ಬಾರದಿದ್ದರೆ ಅಥವಾ ಬಂದದ್ದು ಅರೆಬರೆ ಎನಿಸಿದರೆ, ಇನ್ನು 30 ದಿನದೊಳಗೆ ಅದೇ ಕಚೇರಿಯ ಮೇಲ್ಮನವಿ ಅಧಿಕಾರಿಗೆ, ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಹೋಗಬಹುದು.

ಕೈಗವಸು ಬಂದರೆ ಕೂಟದ ಪುಸ್ತಕದಲ್ಲಿ ಬಂದ ತಾರೀಖು, ಎಷ್ಟು ಜೊತೆ, ಯಾವ ಅಳತೆ ಎಂದು ಅಂದೇ ಬರೆಯಿರಿ. ಮುಂದಿನ ಕೂಟಕ್ಕೆ ಅವನ್ನು ತರಲು ಹೇಳಿ, ಬೆರಳ ತುದಿ, ಹೆಬ್ಬೆರಳ ಬುಡ ಹರಿದಿದೆಯೇ ನೋಡಿ. ಅಲ್ಲೇ ಮೊದಲು ಹರಿಯುವುದು. ಹರಿದಿದ್ದರೆ ಅಂದೇ ಫೋಟೋ ತೆಗೆದು ಬದಲಿಗೆ ಕೇಳಿ, ಹರಿಯದವರು ಅವುಗಳನ್ನು ಒಳಹೊರಗು ಮಾಡಿ ದಾರಕ್ಕೆ ನೇತುಹಾಕಿ ಮೇಣ ಹೆರೆಯಲು ಕೂರಲಿ.